ಮೊದಲು ಕಿವಿಗೊಡು, ಪುಟ್ಟಿ

ಪುಟ್ಟೀ, ಮನೆಯಲ್ಲೇ ಕೂತು ಆನ್‌ಲೈನ್‌ನಲ್ಲಿ ಇಂಗ್ಲಿಷ್ ಕಲಿಸುತ್ತೇನೆ ಎಂದೆಯಲ್ಲ, ಧಾರಾಳವಾಗಿ ಕಲಿಸು. ಎಂ.ಎ. ಇದೆ, ಬಿ.ಎಡ್. ಇದೆ, ಊರಿಗೆ ಫೈಬರ್ ಬಂದಿದೆ, ಮಗು ಇನ್ನೂ ಅಂಗನವಾಡಿಯಲ್ಲಿದೆ. ದಿನಾ ಸಾಗರಕ್ಕೆ ಬಸ್ಸು ಹಿಡಿದು ಹೋಗಿಬರುವ ಕೆಲಸಕ್ಕಿಂತ ಸದ್ಯಕ್ಕೆ ಇದೇ ನಿನಗೆ ಒಗ್ಗುತ್ತದೆ. ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದ ಮೇಲೆ, 2020ರ ಲಾಕ್‌ಡೌನ್ ಕಾಲದಲ್ಲಿ ಲ್ಯಾಪ್‌ಟಾಪ್ ಮುಂದೆ ಪಾಠಕ್ಕೆ ಕೂತವಳು ನಾನು, ಇವತ್ತಿಗೂ ಬಿಟ್ಟಿಲ್ಲ. ಈ ಕೆಲಸ ಕೊಡುವ ಸುಖ ದೊಡ್ಡದು, ಬೇಸರವೂ ಸಣ್ಣದಲ್ಲ. ಎರಡನ್ನೂ ನಿನ್ನ ಮುಂದಿಡುತ್ತೇನೆ.

ತರಗತಿಯ ಕೋಣೆಯಲ್ಲಿ ಮೇಷ್ಟ್ರ ಅರ್ಧ ಕೆಲಸವನ್ನು ಕಣ್ಣೇ ಮಾಡಿಬಿಡುತ್ತದೆ. ಹಿಂದಿನ ಬೆಂಚಿನ ಹುಡುಗ ತಲೆ ತಗ್ಗಿಸಿದ್ದು, ಮೂರನೇ ಸಾಲಿನ ಹುಡುಗಿ ಪಕ್ಕದವಳ ನೋಟ್ಸ್ ನೋಡಿ ಬರೆಯುತ್ತಿರುವುದು, ಅರ್ಥವಾಗದಿದ್ದರೂ ಎಲ್ಲರ ಜೊತೆ ದನಿ ಸೇರಿಸಿ ‘ಎಸ್ ಮಿಸ್’ ಎಂದದ್ದು, ಎಲ್ಲ ಕಾಣುತ್ತದೆ. ಪರದೆಯ ಮೇಲೆ ಹೆಸರು ಬರೆದ ಕಪ್ಪು ಚೌಕಗಳಷ್ಟೇ. ಅವುಗಳ ಮುಂದೆ ಕೂತರೆ ಯಾರಿಗಾದರೂ ಗಾಬರಿಯಾಗುತ್ತದೆ, ಗಾಬರಿಯಲ್ಲಿ ಮಾತು ಸುರಿಯುತ್ತದೆ. ಗಂಟೆ ಪೂರ್ತಿ ನಾವೇ ಮಾತಾಡಿ, ಪಾಠ ಚೆನ್ನಾಗಿ ಆಯಿತು ಎಂದುಕೊಂಡು ಏಳುತ್ತೇವೆ. ಕಲಿಯಲು ಬಂದವರ ಬಾಯಿಂದ ನಾಲ್ಕು ವಾಕ್ಯವೂ ಹೊರಟಿರುವುದಿಲ್ಲ. ಆನ್‌ಲೈನ್‌ನಲ್ಲಿ ಇಂಗ್ಲಿಷ್ ಕಲಿಸುವವರಲ್ಲಿ ನಾನು ಕಂಡ ದೊಡ್ಡ ಕೊರತೆ ಇದೇ. ನೀನು ಹಾಗೆ ಮಾಡಬೇಡ. ಕಣ್ಣು ಮಾಡುತ್ತಿದ್ದ ಕೆಲಸವನ್ನೆಲ್ಲ ಇಲ್ಲಿ ಕಿವಿಗೆ ವಹಿಸು.

ಒಬ್ಬ ಹುಡುಗಿಗೆ ಒಂದು ಪ್ರಶ್ನೆ ಕೇಳಿದೆ ಅನ್ನು. ಆ ಕಡೆಯಿಂದ ಸದ್ದಿಲ್ಲ. ಮನಸ್ಸಿನಲ್ಲೇ ಐದರವರೆಗೆ, ಬೇಕಾದರೆ ಹತ್ತರವರೆಗೆ ಎಣಿಸು. ನಿನ್ನ ದನಿ ಅಲ್ಲಿಗೆ ತಲುಪುವುದಕ್ಕೇ ಒಂದು ಚೂರು ತಡವಾಗುತ್ತದೆ. ಆಮೇಲೆ ಆ ಹುಡುಗಿ ಉತ್ತರವನ್ನು ಕನ್ನಡದಲ್ಲಿ ಕಟ್ಟಬೇಕು, ಕೊನೆಯಲ್ಲಿರುವ ಕ್ರಿಯಾಪದವನ್ನು ಎಳೆದು ಮುಂದೆ ತರಬೇಕು, ತಪ್ಪಾದರೆ ಮೇಡಂ ಏನೆನ್ನುತ್ತಾರೋ ಎಂಬ ಹೆದರಿಕೆಯನ್ನು ದಾಟಬೇಕು. ಇಷ್ಟೆಲ್ಲ ಆಗುವುದರೊಳಗೆ ನೀನೇ ಉತ್ತರ ಹೇಳಿಬಿಟ್ಟರೆ ಅವಳ ಅಷ್ಟೂ ಶ್ರಮ ನೀರುಪಾಲು. ಮುಂದಿನ ಸಲ ಅವಳು ಆ ಕಷ್ಟಕ್ಕೇ ಹೋಗುವುದಿಲ್ಲ, ಮೇಡಂ ಹೇಗೂ ಹೇಳುತ್ತಾರೆ ಎಂದು ಸುಮ್ಮನಿರುತ್ತಾಳೆ. ನಲವತ್ತು ನಿಮಿಷದ ಪಾಠದಲ್ಲಿ ನಿನ್ನ ಮಾತು ಹದಿನೈದು ನಿಮಿಷ ದಾಟದಿರಲಿ. ನಲವತ್ತು ಯಾಕೆಂದರೆ ಉಚಿತ ಜೂಮ್ ಅಷ್ಟಕ್ಕೇ ಕಡಿಯುತ್ತದೆ. ಅದಕ್ಕಿಂತ ಹೆಚ್ಚು ಹೊತ್ತು ಪರದೆ ನೋಡಿ ಕಲಿಯುವುದೂ ಕಷ್ಟ.

ಕ್ಯಾಮೆರಾ ಆಫ್ ಮಾಡಿದವರನ್ನು ಬೈಯಬೇಡ. 2021ರಲ್ಲಿ ಸುಳ್ಯದ ಕಡೆಯ ಒಂದು ಹಳ್ಳಿಯಲ್ಲಿ ನೆಟ್‌ವರ್ಕ್‌ಗಾಗಿ ರಸ್ತೆ ಬದಿಯಲ್ಲಿ ಕೂತ ಮಗಳಿಗೆ ಮಳೆಯಲ್ಲಿ ಕೊಡೆ ಹಿಡಿದು ನಿಂತ ತಂದೆಯ ಚಿತ್ರ ಪತ್ರಿಕೆಗಳಲ್ಲಿ ಬಂದಿತ್ತು, ನೆನಪಿದೆಯಾ? ನಮ್ಮ ಎಷ್ಟೋ ಮನೆಗಳಲ್ಲಿ ಫೋನ್ ಅಪ್ಪನದು, ಡೇಟಾ ಎಣಿಸಿಟ್ಟದ್ದು. ಒಂದೇ ಕೋಣೆಯ ಮನೆಯನ್ನು ಪರರಿಗೆ ತೋರಿಸಲು ಹುಡುಗಿಯರಿಗೆ ಸಂಕೋಚವೂ ಇರುತ್ತದೆ. ಮುಖ ಕಾಣದಿದ್ದರೆ ಹೋಗಲಿ, ದನಿ ಕೇಳಲಿ. ಪಾಠದ ನಡುವೆ ನೇರ ಕರೆಯಲ್ಲಿ ಉಚ್ಚಾರ ಸರಿಯಾಗಿ ತಿಳಿಯುವುದಿಲ್ಲ, ಪದದ ಕೊನೆಯ ಸಕಾರವಂತೂ ಎಷ್ಟೋ ಸಲ ಕೇಳಿಸುವುದೇ ಇಲ್ಲ. ಅದಕ್ಕೆ ಪಾಠ ಮುಗಿದ ಮೇಲೆ ವಾಟ್ಸ್‌ಆಪ್‌ನಲ್ಲಿ ಒಂದು ನಿಮಿಷದ ವಾಯ್ಸ್ ಮೆಸೇಜ್ ಕಳಿಸಲು ಹೇಳು. ಅದನ್ನು ಎರಡು ಸಲ ಕೇಳು, ತಿರುಗಿ ನಿನ್ನ ದನಿಯಲ್ಲೇ ಉತ್ತರಿಸು. ತರಗತಿಯಲ್ಲಿ ತುಟಿ ಬಿಚ್ಚದವರು ಹಿತ್ತಿಲಿನಲ್ಲಿ ನಿಂತು ನಿರಾಳವಾಗಿ ಮಾತಾಡಿ ಕಳಿಸುತ್ತಾರೆ. ಹಿನ್ನೆಲೆಯಲ್ಲಿ ಕೋಳಿ ಕೂಗುತ್ತಿರುತ್ತದೆ, ಇರಲಿ.

ಇನ್ನು ಯಾರಿಗೆ ಕಲಿಸಬೇಕು ಎಂಬ ಮಾತು. ಹೊರದೇಶದ ವಿದ್ಯಾರ್ಥಿಗಳನ್ನು ಜೋಡಿಸಿಕೊಡುವ ಜಾಲತಾಣಗಳನ್ನು ನೋಡಿಟ್ಟಿದ್ದೀಯ, ಡಾಲರ್ ಲೆಕ್ಕವನ್ನೂ ಮಾಡಿದ್ದೀಯ ಎಂದು ನಿನ್ನಮ್ಮ ಹೇಳಿದಳು. ತಪ್ಪೇನಿಲ್ಲ. ಆದರೆ ಷರತ್ತುಗಳನ್ನು ಕೂತು ಓದು. ಮೊದಲ ಪ್ರಾಯೋಗಿಕ ಪಾಠದ ಹಣವನ್ನು ಪೂರ್ತಿ ತಾವೇ ಇಟ್ಟುಕೊಳ್ಳುವ ಜಾಲತಾಣಗಳಿವೆ. ಆಮೇಲೂ ಶೇಕಡಾ 15ರಿಂದ 33ರವರೆಗೆ ಕಮಿಷನ್ ಹಿಡಿಯುವುದು ಸಾಮಾನ್ಯ. ಅಲ್ಲಿ ನಿನ್ನ ಬಣ್ಣ, ಪಾಸ್‌ಪೋರ್ಟ್ ನೋಡಿ ಆರಿಸುವವರೂ ಸಿಗುತ್ತಾರೆ. ಇಂಗ್ಲಿಷ್ ತಾಯ್ನುಡಿಯವರೇ ಬೇಕು ಎಂದು ಮುಖಕ್ಕೆ ಹೊಡೆದಂತೆ ಬರೆದಿರುತ್ತಾರೆ. ಓದಿ ನೊಂದುಕೊಳ್ಳಬೇಡ.

ಚೀನಾದ ಕಥೆಯನ್ನೂ ತಿಳಿದಿರು. ಬೀಜಿಂಗ್‌ನಲ್ಲಿ 2013ರಲ್ಲಿ ಶುರುವಾದ ವಿಐಪಿಕಿಡ್‌ನಂಥ ಕಂಪನಿಗಳ ಮೂಲಕ ಅಮೆರಿಕ, ಕೆನಡಾದ ಹತ್ತಾರು ಸಾವಿರ ಶಿಕ್ಷಕರು ನಸುಕಿನಲ್ಲೆದ್ದು ಚೀನೀ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಿದ್ದರು. 2021ರ ಜುಲೈನಲ್ಲಿ ಚೀನಾ ಸರ್ಕಾರ ಖಾಸಗಿ ಟ್ಯೂಷನ್ ಮೇಲೆ ಬಿಗಿ ನಿಯಮ ತಂದು, ಹೊರದೇಶದಲ್ಲಿ ಕೂತವರಿಂದ ಪಾಠ ಹೇಳಿಸುವುದನ್ನು ನಿಷೇಧಿಸಿತು. ಆ ವರ್ಷ ಮುಗಿಯುವುದರೊಳಗೆ ಅವರಲ್ಲಿ ಬಹುಪಾಲು ಜನರ ಕೆಲಸ ಹೋಯಿತು. ಅವರಲ್ಲಿ ಬಹಳಷ್ಟು ಮಂದಿ ನಿನ್ನಂತೆಯೇ ಚಿಕ್ಕ ಮಕ್ಕಳಿದ್ದ ತಾಯಂದಿರು. ನಿನ್ನ ವಿದ್ಯಾರ್ಥಿಗಳೆಲ್ಲ ಒಂದೇ ಕಂಪನಿಯ ಖಾತೆಯಲ್ಲಿ ಇರದಂತೆ ನೋಡಿಕೋ.

ಹೊರದೇಶದವರನ್ನು ಒಪ್ಪಿಕೊಂಡರೆ ಗಡಿಯಾರದ ಲೆಕ್ಕ ಬರೆದಿಟ್ಟುಕೋ. ನಮ್ಮ ಗಡಿಯಾರ ವರ್ಷವಿಡೀ ಒಂದೇ, ಅವರಲ್ಲಿ ಎಷ್ಟೋ ಜನರದು ಬದಲಾಗುತ್ತದೆ. ಅಮೆರಿಕದಲ್ಲಿ ಮಾರ್ಚ್ ಎರಡನೇ ಭಾನುವಾರ ಮುಂದಕ್ಕೆ, ನವೆಂಬರ್ ಮೊದಲ ಭಾನುವಾರ ಹಿಂದಕ್ಕೆ. ಲಂಡನ್ನಿನಲ್ಲಿ ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರಗಳಂದು. ಲಂಡನ್ನಿನ ಮಧ್ಯಾಹ್ನ ಎರಡು ಗಂಟೆಯ ಪಾಠ ಬೇಸಿಗೆಯಲ್ಲಿ ನಿನಗೆ ಸಂಜೆ ಆರೂವರೆ, ಚಳಿಗಾಲದಲ್ಲಿ ಏಳೂವರೆ. ಏಳೂವರೆ ಎಂದರೆ ಮಗುವಿನ ಊಟದ ಹೊತ್ತು.

ನನ್ನನ್ನು ಕೇಳಿದರೆ, ಪುಟ್ಟಿ, ನೀನು ಕನ್ನಡದವರಿಗೆ ಕಲಿಸು. ಕನ್ನಡದ ನಾಲಿಗೆ ಇಂಗ್ಲಿಷಿನಲ್ಲಿ ಎಲ್ಲಿ ಎಡವುತ್ತದೆ ಎಂದು ನಿನಗೆ ಹೇಳಿಕೊಡಬೇಕಾಗಿಲ್ಲ. ಎಗ್ ಎನ್ನಲು ಹೋಗಿ ಯೆಗ್ಗು ಎನ್ನುತ್ತೇವೆ, ಓನ್ಲಿ ಎನ್ನಲು ಹೋಗಿ ವೋನ್ಲಿ. ಡೆವಲಪ್‌ನಲ್ಲಿ ಒತ್ತು ನಡುವೆ ಬೀಳಬೇಕು, ನಾವು ಮೊದಲ ಅಕ್ಷರಕ್ಕೇ ಒತ್ತುತ್ತೇವೆ. ‘ಬರ್ತೀನಿ ಅಂತ ಹೇಳಿದ’ ಎಂಬ ನಮ್ಮ ಕಟ್ಟಣೆಯನ್ನೇ ಎತ್ತಿಕೊಂಡು ‘ಹಿ ಟೋಲ್ಡ್ ಐ ವಿಲ್ ಕಮ್’ ಎನ್ನುತ್ತೇವೆ. ಲಂಡನ್ನಿನ ಶಿಕ್ಷಕಿ ಇದನ್ನು ತಪ್ಪು ಎಂದಷ್ಟೇ ಹೇಳಬಲ್ಲಳು, ಯಾಕೆ ಹಾಗಾಯಿತು ಎಂದು ಬಿಡಿಸಿ ಹೇಳಬಲ್ಲವಳು ನೀನು. ಕಾರಣ ತಿಳಿದ ದಿನ ಕಲಿಯುವವರ ಮುಖದಲ್ಲಿ ನಾಚಿಕೆ ಹೋಗಿ ಕುತೂಹಲ ಬರುತ್ತದೆ. ಪಾಠದಲ್ಲಿ ಬೇಕಾದ ಕಡೆ ಕನ್ನಡ ಬಳಸು, ಹಿಂಜರಿಯಬೇಡ. ಬಿ.ಎಂ.ಶ್ರೀ., ಗೋಕಾಕ್, ಅಡಿಗ, ಲಂಕೇಶ್ ಎಲ್ಲರೂ ಇಂಗ್ಲಿಷ್ ಪಾಠ ಹೇಳಿ ಅನ್ನ ದುಡಿದವರು, ಕನ್ನಡವನ್ನು ಬೆಳೆಸಿದವರು. ಆ ಸಾಲಿನ ಉದ್ಯೋಗ ನಿನ್ನದು ಎಂಬ ಹೆಮ್ಮೆ ಇರಲಿ.

ಶಾಸ್ತ್ರೀಯ ತರಬೇತಿಯ ಕಡೆಗೂ ಗಮನ ಕೊಡು. ಬೆಂಗಳೂರಿನಲ್ಲಿ 1963ರಿಂದ ಇರುವ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ನಮ್ಮ ಶಿಕ್ಷಕರಿಗಾಗಿಯೇ ದುಡಿದ ಸಂಸ್ಥೆ. ಕೇಂಬ್ರಿಡ್ಜಿನ ಸೆಲ್ಟಾ ಎಂಬ 120 ಗಂಟೆಗಳ ಕೋರ್ಸನ್ನು ಈಗ ಮನೆಯಲ್ಲೇ ಕೂತು ಮಾಡಬಹುದು, ಆದರೆ ದುಬಾರಿ. ಎರಡು ವರ್ಷ ದುಡಿದ ಮೇಲೆ ಆ ಯೋಚನೆ ಮಾಡು.

ಸುಖದ ಮಾತಿಗೆ ಬರುತ್ತೇನೆ. ಹಾಸನದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದ ಹುಡುಗಿ ಬ್ರಿಟನ್ನಿಗೆ ಹೋಗುವ ಆಸೆಯಿಂದ ನನ್ನ ಬಳಿ ಕಲಿತಳು. ಬ್ರಿಟನ್ನಿನಲ್ಲಿ ನರ್ಸ್ ಆಗಿ ನೋಂದಾಯಿಸಿಕೊಳ್ಳಲು ಐಇಎಲ್‌ಟಿಎಸ್‌ನಲ್ಲಿ ಓದುವುದು, ಕೇಳುವುದು, ಮಾತಾಡುವುದಕ್ಕೆ 7, ಬರೆಯುವುದಕ್ಕೆ 6.5 ಅಂಕ ಬೇಕು. ಇಲ್ಲವೇ ಆರೋಗ್ಯ ವೃತ್ತಿಯವರಿಗೆಂದೇ ಇರುವ ಒಇಟಿ ಪರೀಕ್ಷೆಯಲ್ಲಿ ಗೆಲ್ಲಬೇಕು. ಅವಳು ಒಇಟಿ ಆರಿಸಿಕೊಂಡಳು. ಅದರಲ್ಲಿ ರೋಗಿಯ ಅಥವಾ ರೋಗಿಯ ಮನೆಯವರ ಪಾತ್ರ ವಹಿಸಿದವರ ಜೊತೆ ಐದೈದು ನಿಮಿಷದ ಎರಡು ಮಾತುಕತೆ ಇರುತ್ತದೆ. ರಾತ್ರಿ ಪಾಳಿಗೆ ಹೊರಡುವ ಮುಂಚೆ ಅವಳು ಕೂರುತ್ತಿದ್ದಳು. ನಾನು ಇನ್ಸುಲಿನ್ ಬೇಡವೆಂದು ಹಟ ಹಿಡಿದ ಮುದುಕ, ಮಗುವಿಗೆ ಜ್ವರ ಬಂದು ಕಂಗಾಲಾದ ತಾಯಿ, ಆಪರೇಷನ್‌ಗೆ ಹೆದರಿದ ಮೇಷ್ಟ್ರು, ಹೀಗೆ ದಿನಕ್ಕೊಂದು ವೇಷ ಹಾಕುತ್ತಿದ್ದೆ. ಮೊದಮೊದಲು ಅವಳು ಗೈಡ್‌ನ ವಾಕ್ಯಗಳನ್ನು ಒಪ್ಪಿಸುತ್ತಿದ್ದಳು. ಒಂದು ದಿನ ಗೈಡ್ ಮರೆತು, ಮುದುಕನನ್ನು ನಿಜವಾಗಿ ಸಮಾಧಾನ ಮಾಡತೊಡಗಿದಳು. ತನ್ನ ವಾರ್ಡಿನಲ್ಲಿ ಕನ್ನಡದಲ್ಲಿ ಹೇಗೆ ಗದರುತ್ತ, ರಮಿಸುತ್ತ ಮಾತಾಡುತ್ತಾಳೋ ಹಾಗೆಯೇ, ಇಂಗ್ಲಿಷಿನಲ್ಲಿ. ನನಗೆ ಮಾತು ಹೊರಡಲಿಲ್ಲ. ವ್ಯಾಕರಣದ ತಪ್ಪು ಇರಲಿಲ್ಲವೇ? ಇತ್ತು. ಅಂದು ತಿದ್ದಲಿಲ್ಲ, ಮರುದಿನ ತಿದ್ದಿದೆ.

ಸಿಂಧನೂರಿನ ಡಿಪ್ಲೊಮಾ ಹುಡುಗನೊಬ್ಬ ವಾರಗಟ್ಟಲೆ ಮ್ಯೂಟ್‌ನಲ್ಲೇ ಇದ್ದ. ನಮ್ಮ ಮಲೆನಾಡಿನ ಅಕ್ಕಿಯ ರುಚಿಯೇ ಬೇರೆ ಎಂದು ನಾನು ಇಂಗ್ಲಿಷಿನಲ್ಲಿ ಹೇಳುತ್ತಿದ್ದ ದಿನ ಅವನಿಗೆ ತಡೆಯಲಾಗಲಿಲ್ಲ. ಮ್ಯೂಟ್ ತೆಗೆದ. ತುಂಗಭದ್ರಾ ಎಡದಂಡೆ ಕಾಲುವೆ, ಎರಡು ಬೆಳೆ, ಸೋನಾ ಮಸೂರಿ, ಅವರಪ್ಪನ ಗದ್ದೆ ಎಲ್ಲ ಸೇರಿಸಿ ಇಂಗ್ಲಿಷಿನಲ್ಲೇ ನನ್ನ ಜೊತೆ ಜಗಳಕ್ಕೆ ನಿಂತ. ಇಂಥ ಜಗಳ ಹುಟ್ಟಿಸು. ‘ಮೈ ಹಾಬಿ’ ಎಂಬ ವಿಷಯ ಕೊಟ್ಟರೆ ಎಲ್ಲರೂ ಬುಕ್ಸ್ ಓದುತ್ತೇನೆ ಎಂದು ಹೇಳಿ ಮುಗಿಸುತ್ತಾರೆ. ಅವರವರ ಗದ್ದೆ, ಅಂಗಡಿ, ವಾರ್ಡು, ಬಸ್‌ಸ್ಟ್ಯಾಂಡಿಗೆ ಪಾಠವನ್ನು ಕೊಂಡೊಯ್ಯಿ.

ಬೇಸರಗಳಲ್ಲಿ ಕರೆಂಟು, ನೆಟ್‌ವರ್ಕ್ ನನ್ನ ಮಟ್ಟಿಗೆ ಚಿಕ್ಕವು. ಆಷಾಢದ ಗಾಳಿಗೆ ಲೈನಿನ ಮೇಲೆ ಮರ ಬೀಳುವುದು ಇದ್ದದ್ದೇ. ರೂಟರ್‌ಗೆ 12 ವೋಲ್ಟ್‌ನ ಪುಟ್ಟ ಯುಪಿಎಸ್ ತೆಗೆದುಕೋ, ಫೋನ್‌ನಲ್ಲಿ ಬೇರೆ ಕಂಪನಿಯ ಸಿಮ್ ಇಟ್ಟುಕೋ, ಕಿಟಕಿ ನಿನ್ನ ಎದುರಿಗಿರುವಂತೆ ಕೂರು, ಮೈಕ್ ಇರುವ ಹೆಡ್‌ಫೋನ್ ಹಾಕು. ಅಷ್ಟು ಸಾಕು.

ನಿಜವಾಗಿ ಕಾಡುವುದು ಮನೆಯೊಳಗಿನದು. ‘ಹೇಗೂ ಮನೆಯಲ್ಲೇ ಇದ್ದಾಳಲ್ಲ’ ಎಂಬ ಮಾತು. ನೆಂಟರು ಬಂದರೆ ಕಾಫಿಗೆ ನೀನೇ ಏಳಬೇಕು, ಗ್ಯಾಸ್ ಸಿಲಿಂಡರ್ ಬಂದರೆ ನೀನೇ ಬಾಗಿಲು ತೆರೆಯಬೇಕು, ಕುಕ್ಕರ್ ಎಷ್ಟು ಕೂಗಿತೆಂದು ನೀನೇ ಎಣಿಸಬೇಕು. ದಿನಕ್ಕೆ ಮೂರು ಗಂಟೆ ದುಡಿದರೂ ಅದನ್ನು ಕೆಲಸವೆಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇದನ್ನು ನುಂಗಿಕೊಂಡು ಕೂರಬೇಡ, ಸಿಡುಕಲೂ ಬೇಡ. ನಿಮ್ಮತ್ತೆ ಒಳ್ಳೆಯವರು. ಪಾಠದ ಹೊತ್ತನ್ನು ಅಡುಗೆಮನೆಯ ಕ್ಯಾಲೆಂಡರ್ ಮೇಲೆ ಅವರ ಕಣ್ಣಿಗೆ ಬೀಳುವಂತೆ ಬರೆ. ಮೊದಲ ತಿಂಗಳ ದುಡ್ಡು ಬಂದಾಗ ಎಷ್ಟು ಬಂತೆಂದು ಅವರಿಗೆ ಹೇಳು. ನಿನ್ನ ಗಂಡನಿಗೆ ಆ ಮೂರು ಗಂಟೆ ಮಗು ಅವನದು ಎಂದು ಮೊದಲೇ ತಿಳಿಸು. ಬಾಗಿಲು ಇರುವ ಕೋಣೆ ಕೇಳು, ಬಾಗಿಲು ಹಾಕು.

ಫೀಸನ್ನು ತಿಂಗಳ ಆರಂಭದಲ್ಲೇ ತೆಗೆದುಕೋ. ಪಾಠಕ್ಕೆ ಹತ್ತು ನಿಮಿಷ ಇರುವಾಗ ‘ಮೇಡಂ, ಇವತ್ತು ಆಗಲ್ಲ’ ಎನ್ನುವವರು ಇದ್ದೇ ಇರುತ್ತಾರೆ; ಮುಂಗಡ ಕೊಟ್ಟವರಲ್ಲಿ ಅದು ಕಡಿಮೆ. ಕೊಡಲಾಗದವರಿಗೆ ರಿಯಾಯಿತಿ ಕೊಡು, ಅದು ನಿಮ್ಮಿಬ್ಬರ ನಡುವೆ ಇರಲಿ. ಮೂವತ್ತು ದಿನದಲ್ಲಿ ಇಂಗ್ಲಿಷ್ ಎಂಬ ಜಾಹೀರಾತು ಎಂದೂ ಹಾಕಬೇಡ. ಚಿಕ್ಕ ಮಕ್ಕಳ ಪಾಠದಲ್ಲಿ ತಾಯಿ ಪಕ್ಕ ಕೂತು ಉತ್ತರ ಪಿಸುಗುಟ್ಟುತ್ತಿದ್ದರೆ, ತಾಯಿಗೂ ಒಂದು ಪ್ರಶ್ನೆ ಕೇಳಿ ಅವಳನ್ನೂ ವಿದ್ಯಾರ್ಥಿನಿ ಮಾಡಿಕೋ. ಎಷ್ಟೋ ಸಲ ಕಲಿಯುವ ಆಸೆ ಅವಳದೇ ಆಗಿರುತ್ತದೆ.

ಮೊದಲ ಎರಡು ತಿಂಗಳು ಇಬ್ಬರಿಗಿಂತ ಹೆಚ್ಚು ಜನರನ್ನು ತೆಗೆದುಕೊಳ್ಳಬೇಡ. ಒಬ್ಬರನ್ನು ನಾನೇ ಕಳಿಸುತ್ತಿದ್ದೇನೆ. ತೀರ್ಥಹಳ್ಳಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಹೆಂಗಸು, ಎಸ್ಸೆಸ್ಸೆಲ್ಸಿವರೆಗೆ ಓದಿದ್ದಾರೆ, ಮಗಳನ್ನು ಇಂಗ್ಲಿಷ್ ಮೀಡಿಯಂಗೆ ಸೇರಿಸಿದ್ದಾರೆ, ಪೇರೆಂಟ್ಸ್ ಮೀಟಿಂಗ್‌ನಲ್ಲಿ ಬಾಯಿಬಿಟ್ಟು ಮಾತಾಡಬೇಕೆಂಬುದು ಅವರ ಆಸೆ. ರಾತ್ರಿ ಎಂಟೂವರೆಗೆ ಅಂಗಡಿ ಮುಚ್ಚುತ್ತಾರೆ. ನಿನ್ನ ನಂಬರ್ ಕೊಟ್ಟಿದ್ದೇನೆ, ಭಾನುವಾರ ಫೋನ್ ಮಾಡುತ್ತಾರೆ. ವ್ಯಾಕರಣದ ಪುಸ್ತಕ ಆಮೇಲೆ ತೆಗೆದರಾಯಿತು. ಮೊದಲ ದಿನ ಒಂದು ರವಿಕೆ ಹೊಲಿಯುವುದು ಹೇಗೆಂದು ಅವರಿಂದ ನೀನು ಇಂಗ್ಲಿಷಿನಲ್ಲಿ ಹೇಳಿಸಿಕೋ.