ಕಡಿದ ದೃಷ್ಟಿನರ ಮತ್ತೆ ಬೆಳೆಯುತ್ತದೆಯೇ?

ಕಳೆದ ವರ್ಷ ನನ್ನ ಮಾಮು ಬೈಕಿನಿಂದ ಬಿದ್ದರು. ಹೆಲ್ಮೆಟ್ ಹಾಕಿರಲಿಲ್ಲ. ಹುಬ್ಬಿನ ಮೇಲೆ ಜೋರಾಗಿ ಪೆಟ್ಟು ಬಿತ್ತು. ಕಣ್ಣಿಗೆ ಒಂದು ಗೀರೂ ಆಗಿರಲಿಲ್ಲ, ಆದರೂ ಬಲಗಣ್ಣಿನ ದೃಷ್ಟಿ ಹೋಯಿತು. "ನನ್ನ ಒಂದು ಕಣ್ಣು ತೆಗೆದು ತಮ್ಮನಿಗೆ ಹಾಕಿ" ಎಂದು ಅಮ್ಮಿ ಡಾಕ್ಟರನ್ನು ಬೇಡಿಕೊಂಡರು. ಅದು ಸಾಧ್ಯವಿಲ್ಲ ಎಂದರು ಡಾಕ್ಟರ್. ಏಕೆ ಸಾಧ್ಯವಿಲ್ಲ? ನಾನು ವಾಣಿಜ್ಯ ವಿಭಾಗದವಳು. ಜೀವಶಾಸ್ತ್ರದ ಉಪನ್ಯಾಸಕರನ್ನು ಕೇಳಿ, ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಕಣ್ಣಿನ ಹಿಂಭಾಗದಲ್ಲಿರುವ ತೆಳು ಪದರವೇ ರೆಟಿನಾ. ಅಲ್ಲಿನ ಗ್ಯಾಂಗ್ಲಿಯನ್ ಕೋಶಗಳಿಂದ ಹೊರಟ ಸುಮಾರು 10 ಲಕ್ಷ ತಂತುಗಳು ಒಂದು ಕಟ್ಟಾಗಿ ಮೆದುಳಿನ ಕಡೆಗೆ ಹೋಗುತ್ತವೆ. ಈ ಕಟ್ಟೇ ದೃಷ್ಟಿನರ. ಪೆಟ್ಟಿನಿಂದ ತಂತುಗಳು ಹಾಳಾದರೆ ಕೆಲವು ವಾರಗಳಲ್ಲಿ ಅವುಗಳ ಕೋಶಗಳೂ ಸಾಯತೊಡಗುತ್ತವೆ. ನೇತ್ರದಾನದಿಂದ ಬಂದ ಕಣ್ಣಿನಲ್ಲಿ ಸಾಮಾನ್ಯವಾಗಿ ಕಸಿ ಮಾಡುವುದು ಮುಂಭಾಗದ ಕಾರ್ನಿಯಾವನ್ನು ಮಾತ್ರ. ನರವನ್ನು ಜೋಡಿಸಲು ಬರುವುದಿಲ್ಲ.

ಕೈಕಾಲಿನ ನರ ತುಂಡಾದರೆ ನಿಧಾನವಾಗಿ ಬೆಳೆಯಬಲ್ಲದು. ದೃಷ್ಟಿನರ ಹಾಗಲ್ಲ, ಅದು ಮೆದುಳಿನದೇ ಭಾಗ. ಅದರ ತಂತುಗಳ ಹೊದಿಕೆಯಾದ ಮಯಲಿನ್‌ನಲ್ಲಿ ಬೆಳವಣಿಗೆಯನ್ನು ತಡೆಯುವ ಪ್ರೋಟೀನುಗಳಿವೆ. ಜೊತೆಗೆ, ಬೆಳೆದ ಕೋಶ ತನ್ನ ಬೆಳೆಯುವ ಶಕ್ತಿಯನ್ನು ಕಳೆದುಕೊಂಡಿರುತ್ತದೆ.

ಆದರೆ ಮೀನು, ಕಪ್ಪೆಗಳಲ್ಲಿ ಈ ನರ ಮತ್ತೆ ಬೆಳೆಯುತ್ತದೆ! 1940ರ ದಶಕದಲ್ಲಿ ಅಮೆರಿಕದ ರೋಜರ್ ಸ್ಪೆರ್ರಿ ಕಪ್ಪೆಯ ದೃಷ್ಟಿನರ ಕತ್ತರಿಸಿ, ಕಣ್ಣನ್ನು ತಲೆಕೆಳಗಾಗಿ ತಿರುಗಿಸಿದರು. ನರ ಬೆಳೆಯಿತು. ಆದರೆ ನೊಣ ಮೇಲಿದ್ದರೆ ಕಪ್ಪೆ ಕೆಳಕ್ಕೆ ಹಾರುತ್ತಿತ್ತು. ಅಂದರೆ ಪ್ರತಿಯೊಂದು ತಂತುವೂ ಮೆದುಳಿನ ತನ್ನ ಹಳೆಯ ಜಾಗವನ್ನೇ ಹುಡುಕಿಕೊಂಡು ಹೋಗಿತ್ತು.

1980ರ ದಶಕದಲ್ಲಿ ಕೆನಡಾದ ಆಲ್ಬರ್ಟ್ ಅಗುವಾಯೊ ಅವರ ತಂಡ ಇಲಿಯ ಕಾಲಿನ ನರದ ತುಂಡನ್ನು ಕಣ್ಣಿನ ಹಿಂದೆ ಕಸಿ ಮಾಡಿತು. ದೃಷ್ಟಿಯ ತಂತುಗಳು ಅದರೊಳಗೆ ಬೆಳೆದವು. 2008ರಲ್ಲಿ ಬಾಸ್ಟನ್‌ನ ವಿಜ್ಞಾನಿಗಳು ಇಲಿಮರಿಯಂಥ ಪುಟ್ಟ ಮೌಸ್‌ಗಳ ಕೋಶಗಳಿಂದ 'ಪಿಟೆನ್' ಎಂಬ ಜೀನ್ ತೆಗೆದಾಗ ಗಾಯವನ್ನು ದಾಟಿ ತಂತುಗಳು ಬೆಳೆದವು. 2020ರಲ್ಲಿ ಮೂರು ಜೀನ್‌ಗಳನ್ನು ಸೇರಿಸಿ ಅದೇ ಜಾತಿಯ ಪ್ರಾಣಿಗಳಲ್ಲಿ ತಂತು ಬೆಳೆಸಿದರು.

ಮನುಷ್ಯರಿಗೆ ಇಂಥ ಚಿಕಿತ್ಸೆ ಇನ್ನೂ ಬಂದಿಲ್ಲ. ಕೋಶ ಬದುಕಬೇಕು, ತಂತು ಮೆದುಳಿನವರೆಗೂ ಬೆಳೆಯಬೇಕು, ಸರಿಯಾದ ಜಾಗಕ್ಕೆ ಸೇರಬೇಕು. ಮೂರೂ ಆದರೆ ಮಾತ್ರ ದೃಷ್ಟಿ. ಗ್ಲಾಕೋಮಾದಲ್ಲೂ ಇದೇ ನರ ಸದ್ದಿಲ್ಲದೆ ಸಾಯುತ್ತದೆ. ಮನೆಯ ಹಿರಿಯರ ಕಣ್ಣಿನ ಒತ್ತಡ ಪರೀಕ್ಷೆ ಮಾಡಿಸಿ.

ಅಮ್ಮಿಗೆ ಇದನ್ನೆಲ್ಲ ಉರ್ದುವಿನಲ್ಲಿ ಹೇಳಿದೆ. "ಅಂದರೆ ದಾರಿ ಹುಡುಕುತ್ತಿದ್ದಾರೆ" ಎಂದರು. ಈಗ ನಾನು ಭಾಯಿಯ ಬೈಕಿನಲ್ಲಿ ಕಾಲೇಜಿಗೆ ಹೊರಟರೆ, ಮಾಮು ಎರಡು ಹೆಲ್ಮೆಟ್ ಹಿಡಿದು ಬಾಗಿಲಲ್ಲೇ ನಿಂತಿರುತ್ತಾರೆ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ