ಬಣ್ಣ ನೋಡಿ ಕೊಂಡ ಸೈಕಲ್ಲು

ಬೆಳಗ್ಗೆ ಡೈರಿಗೆ ಹಾಲು ಹಾಕಿ, ಹಾಗೇ ತೋಟಕ್ಕೆ ಹೋಗಿ ನೀರು ತಿರುಗಿಸಿ ಬರಲು ನನಗೊಂದು ಸೈಕಲ್ ಬೇಕಿತ್ತು. ಎಲ್ಲ ಸೇರಿ ದಿನಕ್ಕೆ ನಾಲ್ಕು ಕಿಲೋಮೀಟರ್ ಆದರೆ ಹೆಚ್ಚು. ಗೇರು ಗೀರು ಏನೂ ಬೇಡ, ಅಪ್ಪನ ಕಾಲದಂಥ ಕರಿ ಸೈಕಲ್ಲೇ ಸಾಕು ಅಂದುಕೊಂಡೆ. ಅಂಥದ್ದನ್ನು ಎರಡು ಸಲ ಕೊಳ್ಳಬೇಕಾಯಿತು.

ಮೊದಲನೆಯದು ತರೀಕೆರೆಯಲ್ಲಿ ಸಿಕ್ಕಿತು. ಹೊಸದಾಗಿ ಹೊಡೆದ ಕರಿ ಬಣ್ಣ, ಚೈನ್ ಕವರ್ ಮೇಲೆ ಬಂಗಾರದ ಗೆರೆ, ಹೊಸ ಸೀಟು. 2,200 ರೂಪಾಯಿ ಎಣಿಸಿಕೊಟ್ಟು ನಮ್ಮೂರು ಅಮೃತಾಪುರದವರೆಗೆ ತುಳಿದುಕೊಂಡೇ ಬಂದೆ. ದಾರಿಯುದ್ದಕ್ಕೂ ಹ್ಯಾಂಡಲ್ ಎಡಕ್ಕೆ ಎಳೆಯುತ್ತಿತ್ತು. ಸೈಕಲ್ ತುಳಿದು ವರ್ಷಗಳಾಗಿವೆ, ನನಗೇ ಅಭ್ಯಾಸ ತಪ್ಪಿರಬೇಕು ಎಂದು ಸಮಾಧಾನ ಮಾಡಿಕೊಂಡೆ. ಮೂರನೇ ದಿನ ರಿಪೇರಿ ಅಂಗಡಿಯ ಯಜಮಾನರ ಮುಂದೆ ನಿಲ್ಲಿಸಿದೆ. ಅವರು ಬಣ್ಣದ ಕಡೆ ನೋಡಲೇ ಇಲ್ಲ. ಹ್ಯಾಂಡಲ್ ಬುಡದಿಂದ ಪೆಡಲ್ ಕಡೆಗೆ ಇಳಿಯುವ ಪೈಪಿನ ಅಡಿಯಲ್ಲಿ ನನ್ನ ಬೆರಳಿಟ್ಟು ಸವರಿಸಿದರು. ಬಣ್ಣದ ಕೆಳಗೆ ಭತ್ತದ ಕಾಳಿನಷ್ಟು ದಪ್ಪದ ಏಣು ಸಿಕ್ಕಿತು.

"ಎಲ್ಲೋ ಎದುರಿಗೆ ಗುದ್ದಿದೆ ಇದು. ಫೋರ್ಕ್ ಬದಲಾಯಿಸಬಹುದು. ಫ್ರೇಮೇ ನೆಗ್ಗಿದ್ರೆ ತಿದ್ದಿ ನಂಬೋಕಾಗಲ್ಲ ಮೇಷ್ಟ್ರೇ" ಎಂದರು.

ಸೀಟು, ಕ್ಯಾರಿಯರ್, ಬೆಲ್ ಬಿಚ್ಚಿಟ್ಟುಕೊಂಡು ಉಳಿದದ್ದನ್ನು ಗುಜರಿಗೆ ಹಾಕಿದೆ. ಹೊಟ್ಟೆ ಉರಿಯಿತು. ಈಗ ಯಾವ ಹಳೇ ಸೈಕಲ್ ಕಂಡರೂ ನನ್ನ ಕೈ ಮೊದಲು ಆ ಪೈಪಿನ ಅಡಿಗೇ ಹೋಗುತ್ತದೆ.

ಎರಡನೆಯದು ಪಕ್ಕದೂರಿನವರೊಬ್ಬರ ಅಡಿಕೆ ಗೋದಾಮಿನಲ್ಲಿ ತೊಲೆಗೆ ನೇತುಹಾಕಿದ್ದ ಅಟ್ಲಾಸ್. ಮೈತುಂಬ ಎಣ್ಣೆಜಿಡ್ಡು, ಅದರ ಮೇಲೆ ಧೂಳು. ಆ ಜಿಡ್ಡೇ ಅದನ್ನು ಕಾಪಾಡಿತ್ತು. ಡೀಸೆಲ್ ಬಟ್ಟೆಯಲ್ಲಿ ಒರೆಸಿದ ಕಡೆಯೆಲ್ಲ ರಿಮ್ ಹೊಳೆಯಿತು. ಅಟ್ಲಾಸಿನ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ ನಿಂತಿತೆಂದು ಓದಿದ್ದರಿಂದ ಬಿಡಿಭಾಗದ ಅಳುಕಿತ್ತು. ಅಳುಕಬೇಕಿರಲಿಲ್ಲ. ನಮ್ಮ ಕರಿ ಸೈಕಲ್ಲುಗಳೆಲ್ಲ ಇಂಗ್ಲೆಂಡಿನ ಹಳೇ ಮಾದರಿಯ ಮಕ್ಕಳು. ಹೆಸರು ಯಾವುದಿದ್ದರೂ 28 ಇಂಚಿನ, ಒಂದೂವರೆ ಇಂಚು ದಪ್ಪದ ಟಯರ್ ಇವತ್ತಿಗೂ ಸಿಗುತ್ತದೆ. ತೊಂದರೆ ಇರುವುದು 26 ಇಂಚಿನದರಲ್ಲಿ. ಒಂದರ ಟಯರ್ ಇನ್ನೊಂದಕ್ಕೆ ಕೂರದ ರಿಮ್‌ಗಳು ಅದರಲ್ಲಿವೆ. ಟಯರ್ ಮೇಲಿನ ಅಳತೆಯನ್ನು ಪೂರ್ತಿ ಬರೆದುಕೊಂಡೇ ಅಂಗಡಿಗೆ ಹೋಗಬೇಕು.

ಈ ಸಲ ಆತುರಪಡಲಿಲ್ಲ. ಬಾರ್ ದಾಟಿ ಕಾಲು ಹಾಕಿ ನಿಂತೆ. ಎರಡೂ ಪಾದ ಪೂರ್ತಿ ನೆಲಕ್ಕೂರಿದವು. ಫ್ರೇಮ್ 22 ಇಂಚು. 24 ಆಗಿದ್ದರೆ ನನ್ನ ಎತ್ತರಕ್ಕೆ ಆಗುತ್ತಿರಲಿಲ್ಲ. ಚೈನಿಗೆ ಸ್ಕೇಲ್ ಹಿಡಿದೆ. 24 ಕೊಂಡಿಗೆ ಸರಿಯಾಗಿ 12 ಇಂಚು ಬರಬೇಕು, ಅರ್ಧಪಾವು ಇಂಚು ಹೆಚ್ಚಿತ್ತು. ಅಷ್ಟು ಸವೆದ ಚೈನಿನ ಜೊತೆ ಫ್ರೀವೀಲಿನ ಹಲ್ಲೂ ಸವೆದಿರುತ್ತದೆ. ಚೈನ್ ಒಂದನ್ನೇ ಬದಲಿಸಿದರೆ ಹಳೇ ಹಲ್ಲಿನ ಮೇಲೆ ಜಾರುತ್ತದೆ. ಎರಡರ ಬೆಲೆಯನ್ನೂ ಮುರಿದುಕೊಂಡು 1,300ಕ್ಕೆ ಮಾತು ಮುಗಿಸಿದೆ.

ಮರುದಿನ ಬೆಳಗ್ಗೆ ಅಮೃತೇಶ್ವರ ಗುಡಿಯ ಮುಂದೆ ಓಡಿಸಿ ನೋಡಿದೆ. ಬಲಗಾಲು ಇಳಿದಾಗಲೆಲ್ಲ 'ಟಕ್'. ಪೆಡಲಿನ ಕ್ರ್ಯಾಂಕನ್ನು ಆಕ್ಸಲ್‌ಗೆ ಬಿಗಿಹಿಡಿಯುವ ಸಣ್ಣ ಬೆಣೆ, ಕಾಟರ್ ಪಿನ್, ಸವೆದಿತ್ತು. ಪಿನ್ನಿಗೆ ಏನೂ ಹೆಚ್ಚು ಬೆಲೆಯಿಲ್ಲ. ಶಬ್ದ ಸಹಿಸಿಕೊಂಡು ತುಳಿದರೆ ಮಾತ್ರ ಆಕ್ಸಲ್ಲೇ ಸವೆದುಹೋಗುತ್ತದೆ.

ಬ್ರೇಕಿನ ಕೆಲಸ ಹೆಚ್ಚು ಹೊತ್ತು ಹಿಡಿಯಿತು. ಇದು ಕಡ್ಡಿ ಬ್ರೇಕು. ರಬ್ಬರು ರಿಮ್ಮಿನ ಪಕ್ಕಕ್ಕಲ್ಲ, ಒಳಮೈಗೆ ಒತ್ತುತ್ತದೆ; ಚಕ್ರ ಸ್ವಲ್ಪ ಬೆಂಡಿದ್ದರೂ ಉಜ್ಜುತ್ತದೆ. ರಿಪೇರಿ ಅಂಗಡಿಯ ಯಜಮಾನರು ಸೈಕಲ್ ತಲೆಕೆಳಗೆ ನಿಲ್ಲಿಸಿ ಮುಂದಿನ ಚಕ್ರದ 32, ಹಿಂದಿನದರ 40 ಕಡ್ಡಿಗಳನ್ನು ಒಂದೊಂದಾಗಿ ಮೀಟಿದರು. ದನಿ ಸೊರಗಿದ ಕಡ್ಡಿಗೆ ಕಾಲು ಸುತ್ತು ಬಿಗಿ, ಮತ್ತೆ ಚಕ್ರ ತಿರುಗಿಸಿ, ಮತ್ತೆ ಮೀಟಿ. ಒಂದು ಗಂಟೆ ಅವರು ಮಾತೇ ಆಡಲಿಲ್ಲ. 1196ರ ಅಮೃತೇಶ್ವರ ಗುಡಿಯಲ್ಲಿ ಕಲ್ಲನ್ನು ತಿರುಗಣೆಗೆ ಹಾಕಿ ದುಂಡು ಮಾಡಿದ ಕಂಬಗಳಿವೆ, ಚಿಕ್ಕಂದಿನಿಂದ ನೋಡಿದ್ದೇನೆ. ಆ ದುಂಡನ್ನು ತಂದ ಕಣ್ಣು ಎಂಥದಿರಬಹುದೆಂದು ಅವತ್ತು ಅಂಗಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡುವಾಗ ಹೊಳೆಯಿತು.

"ಬಣ್ಣ ಹೊಡೆಸೋಣ್ವಾ ಅಪ್ಪಾಜಿ?" ಎಂದು ಮಗಳು ಕೇಳಿದಳು. ಬೇಡ ಎಂದೆ. ಮೊದಲ ಸೈಕಲ್ಲಿನ ಸೀಟು, ಬೆಲ್ಲು ಇದರ ಮೇಲಿವೆ. ಒದ್ದೆ ರಿಮ್ಮಿನ ಮೇಲೆ ಕಡ್ಡಿ ಬ್ರೇಕು ಸರಿಯಾಗಿ ಹಿಡಿಯದು. ಮಳೆಯ ದಿನ ಡೈರಿ ಇಳಿಜಾರಿಗೆ ಮುಂಚೆಯೇ ಇಳಿದು, ಹಾಲಿನ ಕ್ಯಾನು ಅಲುಗದಂತೆ ತಳ್ಳಿಕೊಂಡು ಹೋಗುತ್ತೇನೆ.