ಎಲೆಯ ರೋಮವೂ ಉಪಕಾರಿ ನುಸಿಯೂ

ಬದನೆ ಎಲೆಯನ್ನು ಸವರಿ ನೋಡಿದವರಿಗೆ ಅದರ ಒರಟುತನ ಗೊತ್ತು. ಟೊಮೇಟೊ ಗಿಡ ಮುಟ್ಟಿದರೆ ಬೆರಳಿಗೆ ಅಂಟೂ ವಾಸನೆಯೂ ಹತ್ತುತ್ತವೆ. ಇದಕ್ಕೆಲ್ಲ ಕಾರಣ ಎಲೆಯ ಮೈಮೇಲಿನ ಸಣ್ಣ ರೋಮಗಳು. ಕೀಟಗಳನ್ನು ತಡೆಯಲಿಕ್ಕಾಗಿ ಗಿಡ ಇವನ್ನು ಬೆಳೆಸಿಕೊಂಡಿದೆಯೆಂದು ಸಾಮಾನ್ಯವಾಗಿ ಹೇಳುವುದುಂಟು. ಅದು ನಿಜ, ಆದರೆ ಅರ್ಧ ನಿಜ. ಗಿಡದ ಶತ್ರುವನ್ನು ತಿನ್ನಲು ಬರುವ ಮಿತ್ರನೂ ಅದೇ ರೋಮಗಳ ನಡುವೆ ನಡೆದಾಡಬೇಕಲ್ಲವೆ? ಅವನ ಗತಿ ಏನು?

ಮೊದಲು ಶತ್ರು ಮಿತ್ರರ ಪರಿಚಯ ಮಾಡಿಕೊಳ್ಳೋಣ. ನುಸಿಯು ಕೀಟವಲ್ಲ. ಕೀಟಕ್ಕೆ ಆರು ಕಾಲು, ಬೆಳೆದ ನುಸಿಗೆ ಸಾಮಾನ್ಯವಾಗಿ ಎಂಟು. ಜೇಡ, ಉಣ್ಣಿಗಳ ಬಳಗದ್ದು. ಗಾತ್ರ ಅರ್ಧ ಮಿಲಿಮೀಟರು, ಅಷ್ಟೆ. ಬೆಂಡೆ, ಬದನೆ, ಹುರುಳಿಕಾಯಿ, ಗುಲಾಬಿ, ಹತ್ತಿ ಇವುಗಳ ಎಲೆಯಡಿಯಲ್ಲಿ ಕುಳಿತು ರಸ ಹೀರುವುದು ಜೇಡನುಸಿ. ಎಲೆಯ ಮೇಲೆ ಬಿಳಿಚುಕ್ಕೆ, ಅಡಿಯಲ್ಲಿ ನವಿರಾದ ಬಲೆ ಕಂಡರೆ ಅದರದೇ ಕೆಲಸ. ಈ ನುಸಿಯನ್ನು ತಿಂದು ಬಾಳುವ ಬೇರೆ ನುಸಿಗಳುಂಟು. ಅವುಗಳಲ್ಲಿ ಹೆಸರಾದದ್ದು ಫೈಟೋಸಿಯುಲಸ್ ಪರ್ಸಿಮಿಲಿಸ್. ೧೯೫೮ರಲ್ಲಿ ಚಿಲಿ ದೇಶದ ಆರ್ಕಿಡ್ ಗಿಡಗಳೊಡನೆ ಇದು ತಾನಾಗಿ ಜರ್ಮನಿಗೆ ಬಂದಿಳಿಯಿತು. ಆಮೇಲೆ ಯೂರೋಪಿನ ಗಾಜಿನ ಮನೆಗಳ ತೋಟಗಾರರು ಇದನ್ನೇ ಸಾಕಿ ಬಿಡತೊಡಗಿದರು.

ಸೌತೆ ಗಿಡದಲ್ಲಿ ಇದರ ಕೆಲಸ ಚೆನ್ನಾಗಿ ನಡೆಯಿತು. ಟೊಮೇಟೊದಲ್ಲಿ ತೊಡಕಾಯಿತು. ಟೊಮೇಟೊದ ಕೆಲವು ರೋಮಗಳ ತುದಿಯಲ್ಲಿ ಅಂಟಿನ ಹನಿಯಿದೆ. ಒಂದು ಎಲೆಯಿಂದ ಇನ್ನೊಂದಕ್ಕೆ ಹೋಗಲು ದಂಟಿನ ಮೇಲೆ ಹೊರಟ ಉಪಕಾರಿ ನುಸಿ ಆ ಅಂಟಿಗೆ ಕಾಲು ಸಿಕ್ಕಿಸಿಕೊಂಡು ಅಲ್ಲೇ ಸಾಯುತ್ತದೆ. ಟೊಮೇಟೊಗೆ ಹತ್ತುವ ಇನ್ನೊಂದು ನುಸಿ ಜೇಡನುಸಿಗಿಂತ ಬಹಳ ಸಣ್ಣದು. ಎಲೆ ದಂಟುಗಳನ್ನು ಕಂದು ಬಣ್ಣಕ್ಕೆ ತಿರುಗಿಸುತ್ತದೆ. ಅದು ಆ ಅಂಟುರೋಮಗಳ ಬುಡದಲ್ಲೇ ನುಸುಳಿಕೊಂಡು ಸುಖವಾಗಿರುತ್ತದೆ. ಕಳ್ಳನಿಗೆ ಬೇಲಿಯೇ ಆಸರೆ, ಕಾವಲುಗಾರನಿಗೆ ಮುಳ್ಳು!

ಹಾಗಾದರೆ ರೋಮವಿಲ್ಲದ ನುಣುಪು ಎಲೆಯೇ ಮೇಲೆನ್ನಬೇಕೆ? ಅದೂ ಅಲ್ಲ. ಸೇಬು, ದ್ರಾಕ್ಷಿ ತೋಟಗಳಲ್ಲಿ ನೋಡಿದವರಿಗೆ ಕಂಡದ್ದು ತದ್ವಿರುದ್ಧ: ಅಲ್ಲಿ ಎಲೆಯಡಿ ಮೃದುರೋಮವಿರುವ ತಳಿಗಳ ಮೇಲೆಯೇ ಉಪಕಾರಿ ನುಸಿಗಳು ಹೆಚ್ಚು. ಈ ರೋಮಗಳಿಗೆ ಅಂಟಿಲ್ಲ. ಅವುಗಳ ನಡುವೆ ಗಾಳಿ ತಂಪಾಗಿದ್ದು ಮೊಟ್ಟೆ ಒಣಗುವುದಿಲ್ಲ. ದೊಡ್ಡ ಕೀಟಗಳಿಂದ ಮರೆಯೂ ಸಿಗುತ್ತದೆ. ಗಾಳಿಯಲ್ಲಿ ಬಂದ ಹೂವಿನ ಪರಾಗ ರೋಮಕ್ಕೆ ಸಿಕ್ಕಿಕೊಳ್ಳುತ್ತದೆ. ಬೇಟೆ ಸಿಗದ ದಿನ ಈ ನುಸಿಗಳಿಗೆ ಅದೇ ಊಟ. ಪರ ಊರಿಗೆ ದುಡಿಯಲು ಬಂದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಕೆಲಸ ಇದ್ದರೆ ಸಾಲದು, ಕೋಣೆಯೂ ಖಾನಾವಳಿಯೂ ಬೇಕು.

ಕೆಲವು ಗಿಡಗಳು ಕೋಣೆಯನ್ನೇ ಕಟ್ಟಿಕೊಟ್ಟಿವೆ. ಎಲೆಯ ಅಡಿಯಲ್ಲಿ ನಡುನರದಿಂದ ಪಕ್ಕದ ನರ ಕವಲೊಡೆಯುವ ಮೂಲೆಯಲ್ಲಿ ಸಣ್ಣ ಗುಳಿಯೋ ರೋಮದ ಕುಚ್ಚೋ ಇರುತ್ತದೆ. ನಮ್ಮ ಕೊಡಗು, ಚಿಕ್ಕಮಗಳೂರುಗಳ ಕಾಫಿ ಎಲೆಯಲ್ಲಿ ಈ ಗುಳಿಗಳನ್ನು ನೋಡಬಹುದು. ೧೮೮೭ರಲ್ಲಿ ಸ್ವೀಡನ್ನಿನ ಲುಂಡ್‌ಸ್ಟ್ರೋಮ್ ಎಂಬ ಸಸ್ಯಶಾಸ್ತ್ರಜ್ಞರು ಇವು ನುಸಿಗಳ ಪುಟ್ಟ ಮನೆಗಳೆಂದೂ, ಬಾಡಿಗೆಯಾಗಿ ನುಸಿಗಳು ಗಿಡವನ್ನು ಕಾಯುತ್ತವೆಂದೂ ಸೂಚಿಸಿದರು.

ಇದು ಬರಿಯ ಊಹೆಯಲ್ಲವೆಂದು ತೋರಿಸಿದ ಪ್ರಯೋಗಗಳಲ್ಲಿ ಒಂದು ನಡೆದದ್ದು ಹತ್ತಿ ಗಿಡದ ಮೇಲೆ. ನಮ್ಮ ಗಿರಣಿಗೆ ಬೇಲುಗಟ್ಟಲೆ ಬರುವ ಹತ್ತಿಯ ಎಳೆಯೂ ರೋಮವೇ; ಬೀಜದ ಮೇಲೆ ಬೆಳೆದ, ಒಂದೇ ಜೀವಕೋಶದ ರೋಮ. ಅಮೆರಿಕದಲ್ಲಿ ಅನುರಾಗ್ ಅಗ್ರವಾಲ್, ರಿಚರ್ಡ್ ಕಾರ್ಬಾನ್ ಎಂಬವರು ಆ ಎಳೆಗಳ ಸಣ್ಣ ಕುಚ್ಚುಗಳನ್ನು ಹತ್ತಿ ಎಲೆಗಳಿಗೆ ಅಂಟಿಸಿ ಕೃತಕ ಮನೆ ಮಾಡಿದರು. ಫಲಿತಾಂಶ ೧೯೯೭ರಲ್ಲಿ ಪ್ರಕಟವಾಯಿತು. ಮನೆ ಇದ್ದ ಗಿಡಗಳಲ್ಲಿ ಬೇಟೆಗಾರ ಜೀವಿಗಳು ಹೆಚ್ಚಿದವು, ಜೇಡನುಸಿ ಕಡಿಮೆಯಾಯಿತು, ಕಾಯಿಯೂ ಹೆಚ್ಚು ಬಂತು. ಒಂದು ಚಿಟಿಕೆ ಹತ್ತಿಯಿಂದ ಇಷ್ಟು!

ಇದರಿಂದ ನಮಗೇನು ಎನ್ನಬೇಡಿ. ‘ಬದನೆಗೆ ನುಸಿ ಬಿದ್ದಿದೆ, ಔಷಧಿಗೆ ಹಣ ಕಳಿಸು’ ಎಂದು ಊರಿನಿಂದ ಫೋನು ಬರುವುದು ನಮ್ಮಲ್ಲಿ ಅನೇಕರಿಗೆ ಉಂಟು. ಹಲವು ಕೀಟನಾಶಕಗಳು ಉಪಕಾರಿ ನುಸಿಯನ್ನು ಕೊಂದು ಜೇಡನುಸಿಯನ್ನು ಉಳಿಸುತ್ತವೆ. ಕೆಲವು ವಾರಗಳಲ್ಲಿ ಅದು ಮೊದಲಿಗಿಂತ ಹೆಚ್ಚಾಗಿ ಏಳುತ್ತದೆ, ಮತ್ತೆ ಹಣ ಕಳಿಸಬೇಕು. ಆದ್ದರಿಂದ ಹಣ ಕಳಿಸುವ ಮೊದಲು ಎರಡು ಮಾತು ಹೇಳಿ: ಎಲೆಯನ್ನು ಮಗುಚಿ ಭೂತಗನ್ನಡಿಯಲ್ಲಿ ನೋಡಲಿ; ಯಾವ ಔಷಧಿ ಉಪಕಾರಿ ನುಸಿಗೆ ಕಡಿಮೆ ಹಾನಿ ಮಾಡುತ್ತದೆಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಲಿ. ಚಾಳಿನ ಗ್ಯಾಲರಿಯಲ್ಲಿ ಡಬ್ಬದೊಳಗೆ ಗುಲಾಬಿ ಬೆಳೆಸಿದವರೂ ಹೀಗೆ ನೋಡಬಹುದು. ಬಲೆಯೊಳಗೆ ನಿಧಾನವಾಗಿ ಕದಲುತ್ತ, ಮೈಮೇಲೆ ಎರಡು ಕಪ್ಪು ಮಚ್ಚೆ ಹೊತ್ತದ್ದು ಸಾಮಾನ್ಯವಾಗಿ ಜೇಡನುಸಿ. ಮಚ್ಚೆಯಿಲ್ಲದೆ ಹೊಳೆಯುವ ಮೈಯಿದ್ದು, ಬೆಳಕು ಬಿದ್ದೊಡನೆ ನರದ ಪಕ್ಕದಲ್ಲಿ ಸರಸರನೆ ಓಡುವುದು ಬಹುಶಃ ಉಪಕಾರಿ, ಅದನ್ನು ಬಿಟ್ಟುಬಿಡಿ.